ಖಾಯಂ ಬೀದಿ

ನಮ್ಮೂರಿನಲ್ಲಿ ಮಧ್ಯಾಹ್ನ ಉಂಡು ಮಲಗಿ ಎದ್ದರೆ ಪಕ್ಕದ ಮನೆ ಬದಲಾಗಿರುತ್ತದೆ. ನಿನ್ನೆ ಎಡಗಡೆಗೆ ಮಗ್ಗಿ ಒದರುವ ಮಕ್ಕಳ ಮನೆ ಇದ್ದರೆ ಇವತ್ತು ಹಪ್ಪಳ ಒಣಗಿಸುವ ಮುದುಕಿಯ ಮನೆ, ನಾಳೆ ಯಾರದೋ ಬಲ್ಲವರಾರು. ಅಂಗಡಿ, ಆಸ್ಪತ್ರೆ, ಬಸ್ ಸ್ಟ್ಯಾಂಡು ಇದ್ದಲ್ಲೇ ಇರುತ್ತವೆ, ಮನೆಗಳು ಮಾತ್ರ ಇರುವುದಿಲ್ಲ. ಅದು ಹೇಗೆ ಕದಲುತ್ತದೆ ನೋಡೇಬಿಡುತ್ತೇನೆ ಎಂದು ಹಟ ಹಿಡಿದು ಕೂತವರೂ ಇದ್ದಾರೆ. ಆದರೆ ಆ ಹೊತ್ತಿಗೆ ಬರುವ ನಿದ್ದೆ ಅಂಥಿಂಥದ್ದಲ್ಲ, ಬಾಯಿಗೆ ಹಾಕಿಕೊಂಡ ಅಡಿಕೆ ಅಗಿಯುವ ಮೊದಲೇ ಕಣ್ಣು ಎಳೆದುಬಿಡುತ್ತದೆ. ನಮ್ಮ ಮನೆ ಎಲ್ಲಿಗೆ ಹೋಗಿ ಕೂತಿದ್ದರೂ ನಮ್ಮ ಕಾಲಿಗೆ ದಾರಿ ಗೊತ್ತಿರುತ್ತದೆ, ಅದೊಂದು ಪುಣ್ಯ. ಬೇರೆಯವರ ಮನೆ ಹುಡುಕಿಕೊಂಡು ಹೊರಟರೆ ಮಾತ್ರ ಚಪ್ಪಲಿ ಸವೆಯಬೇಕೇ ಹೊರತು ಮನೆ ಸಿಗುವುದಿಲ್ಲ. ಮನೆಯವರೇ ಕೈಹಿಡಿದು ಕರೆದುಕೊಂಡು ಹೋಗಬೇಕು, ಇಲ್ಲವೇ ಅದು ತಾನಾಗಿ ಪಕ್ಕಕ್ಕೆ ಬಂದು ಕೂರಬೇಕು.

ಇಂಥ ಊರಿನಲ್ಲಿ ಜನ ಹೇಗಿರಬೇಕೋ ಹಾಗೇ ಇದ್ದಾರೆ. ಯಾರೂ ಯಾರಿಗೂ ಒಂದು ಸೌಟು ಕೂಡ ಎರವಲು ಕೊಡುವುದಿಲ್ಲ. ಪಕ್ಕದ ಮನೆಯಲ್ಲಿ ಅಳು ಕೇಳಿದರೆ ಬಾಗಿಲು ತಟ್ಟುವುದಿಲ್ಲ. ನಾಳೆ ಯಾರ ಪಕ್ಕಕ್ಕೆ ಹೋಗುತ್ತಾರೋ ಅವರು ನೋಡಿಕೊಳ್ಳಲಿ, ನಮಗ್ಯಾಕೆ ಊರ ಉಸಾಬರಿ? ಹೊರಡುವಾಗ 'ಹೋಗಿ ಬರ್ತೀನಿ' ಎನ್ನುವ ರೂಢಿಯೂ ಇಲ್ಲ. ಬರುವುದು ನಮ್ಮ ಕೈಯಲ್ಲಿದ್ದರೆ ತಾನೇ ಹಾಗನ್ನಬೇಕು? ಸುಮ್ಮನೆ ಚಪ್ಪಲಿ ಮೆಟ್ಟಿಕೊಂಡು ಎದ್ದು ಹೋಗುತ್ತೇವೆ. ಹೊರಗಿನವರು ನಮ್ಮನ್ನು ಒರಟರು ಎನ್ನುತ್ತಾರೆ. ಅನ್ನಲಿ, ನಾವೇನೂ ಸುಳ್ಳು ಹೇಳುವವರಲ್ಲವಲ್ಲ.

ನಾನು ಸರ್ವಮಂಗಳ. ಬಸ್ ಸ್ಟ್ಯಾಂಡಿನ ಎದುರಿಗಿದ್ದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಂಪ್ಯೂಟರ್ ಹೇಳಿಕೊಡುತ್ತಿದ್ದೆ. ಅದನ್ನು ಮುಚ್ಚಿದಾಗ ಬೇಡವೆಂದು ಬಿಸಾಕಿದ್ದ ಕಂಪ್ಯೂಟರುಗಳನ್ನು ಆಟೋದಲ್ಲಿ ಹಾಕಿಕೊಂಡು ಬಂದು, ಇದರ ಕೈ ಅದಕ್ಕೆ, ಅದರ ಕಾಲು ಇದಕ್ಕೆ ಜೋಡಿಸಿ, ಸಾಮಾನಿನ ಕೋಣೆಯಲ್ಲಿ ಅಕ್ಕಿ ಡಬ್ಬದ ಪಕ್ಕ ಒಂದನ್ನು ನಿಲ್ಲಿಸಿದೆ. ನಮ್ಮ ಖಾಯಂ ಬೀದಿ ಇರುವುದು ಅದರೊಳಗೆ. ಅದೊಂದು ಗೇಮು. ಚೌಕಚೌಕದ ಇಟ್ಟಿಗೆಯಲ್ಲಿ ಮನೆ ಕಟ್ಟಬಹುದು, ಹಿತ್ತಲಲ್ಲಿ ಬದನೆ ಹಾಕಬಹುದು, ಕೋಳಿ ಸಾಕಬಹುದು. ಬೇರೆಯವರು ತಮ್ಮ ಮನೆಯ ಕಂಪ್ಯೂಟರಿನಿಂದಲೋ ಫೋನಿನಿಂದಲೋ ಒಳಗೆ ಬರುತ್ತಾರೆ. ನನ್ನ ಈ ಕಂಪ್ಯೂಟರ್ ಡಬ್ಬ ಓಡುತ್ತಿದ್ದರೆ ಬೀದಿ ಇದೆ, ನಿಂತರೆ ಇಲ್ಲ. ತಿಳಿದವರು ಇದನ್ನು ಸರ್ವರ್ ಎನ್ನುತ್ತಾರೆ. ನಮ್ಮನೆಯವರು 'ನಿನ್ನ ಎರಡನೇ ಸಂಸಾರ' ಎನ್ನುತ್ತಾರೆ.

ಆ ಬೀದಿಯ ಹೆಚ್ಚುಗಾರಿಕೆ ಒಂದೇ. ಅಲ್ಲಿ ಮನೆ ಕದಲುವುದಿಲ್ಲ. ಇವತ್ತು ಪಕ್ಕದಲ್ಲಿದ್ದವರು ನಾಳೆಯೂ ಪಕ್ಕದಲ್ಲೇ ಇರುತ್ತಾರೆ. ಇದು ಬೇರೆ ಊರಿನವರಿಗೆ ಏನೂ ಅನ್ನಿಸಲಿಕ್ಕಿಲ್ಲ, ನಮ್ಮವರು ಮೊದಮೊದಲು ಬಂದು ಗೋಡೆ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಯಾರು ಹೇಳಿದರೋ ಏನೋ, ಎಲ್ಲರೂ ತಮ್ಮ ನಿಜವಾದ ಮನೆಯನ್ನೇ ಇದ್ದ ಹಾಗೆ ಕಟ್ಟಿದರು. ಕಿಟಕಿಯ ಮುರಿದ ಸರಳನ್ನೂ ಬಿಡಲಿಲ್ಲ. ನನ್ನ ಬಲಗಡೆಗೆ ಜುಬೇದಾ ಕಟ್ಟಿದಳು. ಹಸಿರು ಬಾಗಿಲು, ಮೆಟ್ಟಿಲಿನ ಒಂದು ಮೂಲೆ ಒಡೆದದ್ದು, ಬಾಗಿಲ ಮೇಲೆ ಹೊಲಿಗೆ ಮಿಷನ್ನಿನ ಚಿತ್ರ ಬರೆದ ತಗಡು. ಅವಳ ಬಲಗಡೆಗೆ ಪಂಚಾಕ್ಷರಿ. ಅವನು ಟೌನ್ ಬಸ್ಸಿನ ಕಂಡಕ್ಟರ್, ಬಾಯಿ ದೊಡ್ಡದು.

ಜುಬೇದಾಳ ಒಂದು ಕಾಲಿಗೆ ಚಿಕ್ಕಂದಿನಲ್ಲೇ ಪೋಲಿಯೋ ಆಗಿತ್ತು. ಒಬ್ಬಳೇ ಇದ್ದು ರವಿಕೆ ಹೊಲಿಯುತ್ತಿದ್ದಳು. ಯಾವಾಗಲೋ ಒಮ್ಮೆ ಆಟೋ ಹತ್ತಿ ಬಟ್ಟೆ ಅಂಗಡಿಗೆ ಹೋಗಿ ಬರುವುದು ಬಿಟ್ಟರೆ ಹೊರಗೆ ಬರುತ್ತಿರಲಿಲ್ಲ. ನಾವಿಬ್ಬರೂ ಗೇಮಿನಲ್ಲಿ ವರ್ಷಗಟ್ಟಲೆ ಅಕ್ಕಪಕ್ಕದಲ್ಲಿದ್ದರೂ ಎದುರಾಬದುರಾ ನೋಡಿದವರಲ್ಲ. ದಿನಾ ಪಕ್ಕದಲ್ಲೇ ಇರುವವಳನ್ನು ಬಟ್ಟೆ ಅಂಗಡಿಯಲ್ಲಿ ಹೋಗಿ ನೋಡುವುದೇನು? ಹೆಡ್‌ಫೋನಿನಲ್ಲಿ ಅವಳ ಮೈಕಿನಿಂದ ಬರುವ ಮಿಷನ್ನಿನ ಸದ್ದು ನಿಂತರೆ ದಾರ ಕಡಿಯಿತು ಅಂತ ನನಗೆ ಗೊತ್ತಾಗುತ್ತಿತ್ತು. ನಾನು ಕುಕ್ಕರಿನ ಸೀಟಿ ಮರೆತರೆ ಅವಳು ಕೂಗುತ್ತಿದ್ದಳು, "ಮಂಗಳಕ್ಕಾ, ಬೇಳೆ ಬೆಂದು ಪಾಯಸ ಆಯ್ತು!" ಒಡಹುಟ್ಟಿದವರಿಗೂ ಇಷ್ಟು ಗೊತ್ತಿರುವುದಿಲ್ಲ.

ನನ್ನ ಡಬ್ಬ ಹಳೆಯದು, ಮಧ್ಯಾಹ್ನದ ಹೊತ್ತಿಗೆ ಕಾದ ಕಾವಲಿಯಾಗುತ್ತಿತ್ತು. ಅದಕ್ಕೇ ದಿನಾ ಊಟದ ಹೊತ್ತಿಗೆ ಆರಿಸಿ, ನಿದ್ದೆ ಮಾಡಿ ಎದ್ದು ಕಾಫಿ ಕುಡಿದ ಮೇಲೆ ಹಚ್ಚುತ್ತಿದ್ದೆ. ಆರಿಸುವ ಮೊದಲು ಬೀದಿಯ ಗಂಟೆ ಹೊಡೆಯುತ್ತಿದ್ದೆ. ಎಲ್ಲರೂ ಇದ್ದ ಕೆಲಸ ಬಿಟ್ಟು ಬೀದಿಯ ನಡುವಿನ ಬೇವಿನಕಟ್ಟೆಗೆ ಬರಬೇಕು. ನಾನು ಒಳಗಿದ್ದವರ ಬಾಗಿಲ ದೀಪ ಎಣಿಸಿಕೊಂಡು ಒಂದೊಂದೇ ಮನೆಯ ಹೆಸರು ಕೂಗುತ್ತಿದ್ದೆ. ಒಬ್ಬೊಬ್ಬರೇ 'ಹೋಗಿ ಬರ್ತೀನಿ' ಎಂದು ದೀಪ ಆರಿಸಿ ಹೊರಡಬೇಕು. ನಮ್ಮೂರಿನಲ್ಲಿ ಆ ಮಾತು ಬಾಯಿಬಿಟ್ಟು ಹೇಳುತ್ತಿದ್ದ ಜಾಗ ಅದೊಂದೇ. ಹೇಳಿದವರು ಕಾಫಿಯ ಹೊತ್ತಿಗೆ ನಿಜವಾಗಲೂ ಬರುತ್ತಿದ್ದರು. ಯಾರಾದರೂ ಬರದಿದ್ದರೆ ಬೀದಿಗೆ ಬೀದಿಯೇ ಫೋನ್ ಮಾಡಿ ಜೀವ ತಿನ್ನುತ್ತಿತ್ತು.

ಹೀಗಿರುವಾಗ ಬಸ್ ಸ್ಟ್ಯಾಂಡಿನ ಹಿಂದೆ ಕಂಪನಿಯವರು ಬಂದರು. ಕಿಟಕಿಯೇ ಇಲ್ಲದ ದೊಡ್ಡ ಕಟ್ಟಡ, ಒಳಗೆ ಸಾಲುಸಾಲು ಸರ್ವರುಗಳು, ಹಗಲೂ ರಾತ್ರಿ ಹುಯ್ಯೆನ್ನುವ ಫ್ಯಾನುಗಳು. ಅವರ ಗೇಮಿನಲ್ಲಿ ಆಕಾಶ ತೊಳೆದಿಟ್ಟ ಹಾಗೆ ಹೊಳೆಯುತ್ತದಂತೆ, ಕುದುರೆಯ ಕೂದಲು ಕೂದಲೂ ಕಾಣುತ್ತದಂತೆ, ಗೆದ್ದವರಿಗೆ ಕಿರೀಟವಂತೆ. ಎಲ್ಲಕ್ಕಿಂತ ಮುಖ್ಯವಾಗಿ ಅದು ಮುಚ್ಚುವುದೇ ಇಲ್ಲವಂತೆ. ಊರ ತುಂಬ ಬೋರ್ಡು ಹಾಕಿದರು, 'ನಾವು ನಿದ್ದೆ ಮಾಡುವುದಿಲ್ಲ' ಅಂತ. ನಮ್ಮ ಬೀದಿಯ ಹೈಕಳೆಲ್ಲ ಒಂದೇ ವಾರದಲ್ಲಿ ಅತ್ತ ಓಡಿದವು. ಹೈಕಳು ಬಿಡಿ, ಪಂಚಾಕ್ಷರಿಯೂ ಹೊರಟುನಿಂತ.

"ಮಂಗಳಕ್ಕ, ಬೇಜಾರ್ ಮಾಡ್ಕೋಬೇಡಿ. ನಿಮ್ ಡಬ್ಬ ಕೆಮ್ಮುತ್ತೆ. ನಾನು ಒಂದು ಹೆಜ್ಜೆ ಇಟ್ರೆ ಅದು ಯೋಚ್ನೆ ಮಾಡಿ ಎರಡನೇ ಹೆಜ್ಜೆ ಇಡ್ಸತ್ತೆ. ಅಲ್ಲಿ ನೋಡಿ, ಕುದುರೆ ಮೇಲೆ ಹೋದ್ರೆ ಗಾಳಿ ಬೀಸಿದ ಹಾಗೆ!"

"ಹೋಗಪ್ಪ, ಹೋಗು. ನಿನ್ನ ಬಸ್ಸು ಸ್ಟಾರ್ಟ್ ಆಗ್ಬೇಕಾದ್ರೆ ನಾಲ್ಕು ಜನ ತಳ್ಳಬೇಕು, ನೀನು ನನ್ನ ಡಬ್ಬಕ್ಕೆ ಹೆಸರಿಡ್ತೀಯ?"

"ನೋಡಿ ನೋಡಿ, ಇದಕ್ಕೇ ನಿಮ್ಮ ಹತ್ರ ಮಾತಾಡಕ್ಕಾಗಲ್ಲ."

"ಆಗದಿದ್ರೆ ಬಿಡು. ಅಕ್ಷತೆ ಕೊಟ್ಟು ಕರೆದೋರು ಯಾರೂ ಇಲ್ಲ ಇಲ್ಲಿ."

ಅವನು ಹೋದ. 'ಹೋಗಿ ಬರ್ತೀನಿ' ಅನ್ನಲಿಲ್ಲ. ಆ ಕಂಪನಿಯ ಹೊಸಿಲು ತುಳಿದರೆ ನನ್ನ ಹೆಸರು ಸರ್ವಮಂಗಳ ಅಲ್ಲ ಎಂದು ಜುಬೇದಾಳ ಮುಂದೆ ಆಣೆ ಇಟ್ಟೆ. ಅವಳು ಮಿಷನ್ ತುಳಿಯುತ್ತಲೇ, "ಆಣೆ ಯಾಕಕ್ಕ ಇಡ್ತೀರಾ, ಆಮೇಲೆ ತೆಗೀಬೇಕಾಗತ್ತೆ" ಎಂದಳು.

ಆಮೇಲೆ ನಾನೊಂದು ಬುದ್ಧಿವಂತಿಕೆ ಮಾಡಿದೆ. ನಮ್ಮನೆಯವರು ಊಟಕ್ಕೆ ಕೂತಾಗ, "ಅವರು ಮುಚ್ಚೋದೇ ಇಲ್ವಂತೆ, ನೀನು ನೋಡಿದ್ರೆ ದಿನಾ ಗಂಟೆ ಹೊಡೆದು ಜನಾನ ಓಡಿಸ್ತೀಯ" ಎಂದಿದ್ದೇ ನೆಪವಾಯಿತು. ದೊಡ್ಡದೊಂದು ಟೇಬಲ್ ಫ್ಯಾನು ತಂದು ಡಬ್ಬದ ಎದೆಗೆ ನೇರ ಇಟ್ಟೆ. ಇನ್ನು ಮೇಲೆ ಖಾಯಂ ಬೀದಿಯೂ ಮುಚ್ಚುವುದಿಲ್ಲ, ಯಾರು ಯಾವಾಗ ಬೇಕಾದರೂ ಬನ್ನಿ, ಯಾವಾಗ ಬೇಕಾದರೂ ಹೋಗಿ ಎಂದು ಕಟ್ಟೆಯ ಮೇಲೆ ಬರೆದು ಹಾಕಿದೆ. ಗಂಟೆಯನ್ನು ಬಿಚ್ಚಿ ಗೇಮಿನೊಳಗಿನ ನನ್ನ ಗೋಡೌನಿನಲ್ಲಿಟ್ಟೆ. ಜುಬೇದಾ ಮಾತ್ರ, "ಗಂಟೆ ಇಲ್ದಿದ್ರೆ ನಂಗೆ ಊಟದ ಹೊತ್ತು ಹೇಗಕ್ಕ ಗೊತ್ತಾಗತ್ತೆ?" ಎಂದು ಗೊಣಗಿದಳು. ನಾನು ಕೇಳಿಸಿಕೊಳ್ಳಲಿಲ್ಲ.

ಜನ ಹೆಚ್ಚಾಗುತ್ತಾರೆ ಎಂದುಕೊಂಡಿದ್ದೆ. ಆದದ್ದೇ ಬೇರೆ. ಯಾವಾಗ ಬೇಕಾದರೂ ಬರಬಹುದು ಎಂದಮೇಲೆ ಯಾರೂ ಈಗಲೇ ಬರಬೇಕಾಗಿರಲಿಲ್ಲ. ನಾನು ಹೋದಾಗ ಅವರಿಲ್ಲ, ಅವರು ಬಂದಾಗ ನಾನಿಲ್ಲ. ಬದನೆಗೆ ಯಾರೋ ನೀರು ಹಾಕಿರುತ್ತಿದ್ದರು, ಯಾರೆಂದು ತಿಳಿಯುತ್ತಿರಲಿಲ್ಲ. ಬೀದಿಯಲ್ಲಿ ಗಾಳಿಗೆ ಬಾಗಿಲು ಬಡಿದುಕೊಳ್ಳುತ್ತಿದ್ದವು. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ಒಗ್ಗರಣೆ ಅರ್ಧಕ್ಕೆ ಬಿಟ್ಟು ಹೋಗಿ ನೋಡುತ್ತಿದ್ದೆ, ಬಟ್ಟೆ ಹಿಂಡುತ್ತಾ ಎದ್ದು ಹೋಗಿ ನೋಡುತ್ತಿದ್ದೆ. ಒಂದು ದಿನ ಹಾಗೆ ಒದ್ದೆ ಕೈಯಲ್ಲೇ ನೋಡಿದಾಗ ಜುಬೇದಾಳ ಮನೆಯ ಮುಂದೆ ಅವಳ ಕೋಳಿಗಳು ಕಂಡವು.

ಆ ಕೋಳಿಗಳ ವಿಷಯ ಹೇಳಬೇಕು. ಜುಬೇದಾ ಪ್ರತಿಯೊಂದಕ್ಕೂ ಹೆಸರಿಟ್ಟಿದ್ದಳು. ತಾನು ಉಂಡಳೋ ಇಲ್ಲವೋ, ಅವಕ್ಕೆ ಕಾಳು ಹಾಕದೆ ಇರುತ್ತಿರಲಿಲ್ಲ. ನಾನು ನೋಡಿದಾಗ ಅವು ಖಾಲಿ ಬೋಗುಣಿಯ ಸುತ್ತ ಸುಮ್ಮನೆ ನಿಂತಿದ್ದವು. ಎರಡು ಕಾಣಿಸಲಿಲ್ಲ, ಅವು ಇದ್ದ ಜಾಗದಲ್ಲಿ ಬರೀ ಪುಕ್ಕ ಬಿದ್ದಿತ್ತು. ಗೇಮಿನಲ್ಲಿ ಕೋಳಿ ಹಸಿದು ಸತ್ತರೆ ಉಳಿಯುವುದು ಅಷ್ಟೇ. ಬಾಗಿಲ ದೀಪವೂ ಆರಿತ್ತು. ಯಾವತ್ತಿನಿಂದ ಆರಿದೆಯೋ ನನಗೆ ಗೊತ್ತಿರಲಿಲ್ಲ. ಎಣಿಸುವುದನ್ನು ನಾನೇ ಬಿಟ್ಟಿದ್ದೆನಲ್ಲ.

ಮೊದಲು ಬಂದದ್ದು ಸಿಟ್ಟು, ಸುಳ್ಳು ಯಾಕೆ ಹೇಳಲಿ. ಇವಳೂ ಹೋದಳು, ಕುದುರೆ ಕಿರೀಟ ನೋಡಿ ಇವಳೂ ಮರುಳಾದಳು ಅಂದುಕೊಂಡೆ. ಹಾಳಾಗಿ ಹೋಗಲಿ ಎಂದು ಬಟ್ಟೆ ಒಣಹಾಕಲು ಹೋದೆ. ಕ್ಲಿಪ್ಪು ಹಾಕುತ್ತಿದ್ದವಳು ಅರ್ಧಕ್ಕೆ ನಿಂತೆ. ಹೋಗುವುದಿದ್ದರೆ ಜುಬೇದಾ ಕೋಳಿಗಳನ್ನು ಉಪವಾಸ ಕೆಡವಿ ಹೋಗುತ್ತಾಳೆಯೇ? ನನ್ನ ಹಿತ್ತಲಿಗೆ ಅಟ್ಟಿ, ಕರಿಯದಕ್ಕೆ ಜಾಸ್ತಿ ಹಾಕಿ, ಕೆಂಪಿಯನ್ನು ಬೇರೆ ಮಲಗಿಸಿ ಎಂದು ಹತ್ತು ಮಾತು ಹೇಳಿ ಹೋಗುತ್ತಿದ್ದಳು. ಫೋನ್ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಇನ್ನೊಮ್ಮೆ ಮಾಡಿದೆ, ಮತ್ತೊಮ್ಮೆ ಮಾಡಿದೆ. ಕೊನೆಗೆ ಸ್ವಿಚ್ ಆಫ್ ಎಂದಿತು. ಬೀದಿಯಲ್ಲಿ ಉಳಿದಿದ್ದ ಬೆರಳೆಣಿಕೆಯ ಮನೆಗಳಿಗೆ ಫೋನ್ ಮಾಡಿ ಕೇಳಿದೆ. ಎಲ್ಲರೂ, 'ನಿಮ್ಮ ಜೊತೆ ಇರ್ತಾರೆ ಅಂದ್ಕೊಂಡಿದ್ವಿ' ಎಂದರು.

"ಪೊಲೀಸಿಗೆ ಹೇಳೋಣ" ಎಂದರು ನಮ್ಮನೆಯವರು.

"ಹೇಳಿ, ಅವರೂ ಹುಡುಕ್ತಾ ಸಂಜೆವರೆಗೂ ತಿರುಗ್ತಾರೆ. ನಮ್ಮೂರಲ್ಲಿ ಯಾರಿಗೆ ಯಾರ ಮನೆ ಸಿಕ್ಕಿದೆ?"

ಜುಬೇದಾಳ ಮನೆ ಈ ಊರಿನಲ್ಲೇ ಎಲ್ಲೋ ಯಾರದೋ ಪಕ್ಕದಲ್ಲಿತ್ತು. ಆ ಯಾರೋ ಗೋಡೆಯಾಚೆ ಇಣುಕಿ ನೋಡಿದರೆ ಸಾಕಿತ್ತು. ಆದರೆ ಇಣುಕುವ ಅಭ್ಯಾಸ ನಮ್ಮೂರಿನವರಿಗೆ ಇಲ್ಲ, ಹೇಳಿದರೆ ತಾನೇ ಇಣುಕುತ್ತಾರೆ? ಹೇಳಬೇಕಾದರೆ ಊರಿಗೆ ಊರೇ ಒಂದು ಕಡೆ ಸಿಗಬೇಕು. ಸಿಗುತ್ತಿದ್ದದ್ದು ಒಂದೇ ಕಡೆ.

ಆಣೆಯನ್ನು ಅತ್ತ ಬಿಸಾಕಿ ಕಂಪನಿಯ ಗೇಮಿಗೆ ಹೋದೆ. ಒಳಗೆ ಕಾಲಿಡುವ ಮುಂಚೆ ಒಂದು ನರಿ ಬಂದು ಹಲ್ಲುಕಿರಿದು ನಮಸ್ಕಾರ ಮಾಡಿ ಟೋಪಿ ಕೊಳ್ಳುತ್ತೀರಾ ಎಂದಿತು. ಬೇಡವೆಂದೆ. ಬೂಟು? ಬೇಡ ಮಾರಾಯ, ಬಿಡು ದಾರಿ. ಬಿಟ್ಟಮೇಲೆ ನೋಡುತ್ತೇನೆ, ಆಕಾಶ ಹೊಳೆಯುತ್ತಿತ್ತು, ಸುಳ್ಳಲ್ಲ. ಕುದುರೆಯ ಕೂದಲೂ ಕಾಣುತ್ತಿತ್ತು. ಜನವೋ ಜನ. ನಮ್ಮೂರಿನಲ್ಲಿ ಇಷ್ಟು ಜನ ಇದ್ದಾರೆಂದೇ ನನಗೆ ತಿಳಿದಿರಲಿಲ್ಲ. ಆದರೆ ಅಲ್ಲಿ ಒಮ್ಮೆ ಪಕ್ಕ ನಿಂತವರು ಕಣ್ಣು ಮಿಟುಕಿಸುವಷ್ಟರಲ್ಲಿ ಬೇರೆ. ನಮ್ಮ ಊರಿನ ಹಾಗೇ, ಇನ್ನೂ ಜೋರು. ಓಡುತ್ತಿದ್ದವರ ನಡುವೆ ನಿಂತು ಕೂಗಿದೆ. "ಹಸಿರು ಬಾಗಿಲಿನ ಮನೆ! ಮೆಟ್ಟಿಲಿನ ಮೂಲೆ ಒಡೆದಿದೆ! ನಿಮ್ಮ ಪಕ್ಕದಲ್ಲಿ ಇದ್ರೆ ಬಾಗಿಲು ತಟ್ಟಿ!" ಒಬ್ಬ ನಿಂತು, ಅದು ಯಾವ ಲೆವೆಲ್ಲಿನಲ್ಲಿ ಸಿಗುತ್ತದೆ ಎಂದು ಕೇಳಿದ. ಇನ್ನೊಬ್ಬಳು, ಗೆದ್ದರೆ ಏನು ಕೊಡುತ್ತಾರೆ ಎಂದಳು. ನಾನು ಮತ್ತೆ ಕೂಗಿದೆ, ಮತ್ತೆ ಕೂಗಿದೆ. ಆ ನರಿ ಪುನಃ ಬಂದು, ಒಂದೇ ಮಾತನ್ನು ಪದೇಪದೇ ಹೇಳಿ ಇತರರಿಗೆ ತೊಂದರೆ ಕೊಟ್ಟಿದ್ದಕ್ಕಾಗಿ ನಿಮ್ಮ ಮಾತನ್ನು ನಿಲ್ಲಿಸಲಾಗಿದೆ ಎಂದು ನಗುನಗುತ್ತಲೇ ಹೇಳಿತು. ಆಮೇಲೆ ನಾನು ಬಾಯಿ ಬಡಿದುಕೊಂಡರೂ ಯಾರಿಗೂ ಕೇಳಿಸಲಿಲ್ಲ. ಕುರ್ಚಿಯ ಮೇಲೆ ಕೂತೇ ಅತ್ತೆ.

ಆಗ ಫೋನು ಬಂತು. ಪಂಚಾಕ್ಷರಿ.

"ಮಂಗಳಕ್ಕ, ನಿಮ್ ಹೆಸರು ನೋಡ್ದೆ. ಏನು, ದಾರಿ ತಪ್ಪಿ ಬಂದ್ರಾ ನಮ್ಮ ಕಡೆ?"

"ಪಂಚಾಕ್ಷರಿ, ನಗಬೇಡ ಕಣಯ್ಯ. ಜುಬೇದಾ ನಿಮ್ಮ ಕಡೆ ಬಂದಿದ್ದಾಳಾ?"

ಅವನ ಧ್ವನಿಯಲ್ಲಿದ್ದ ತಮಾಷೆ ಇಳಿಯಿತು. "ಇಲ್ವಲ್ಲ. ನಾನೇ ಕರೆದಿದ್ದೆ. ಮಂಗಳಕ್ಕನ್ನ ಬಿಟ್ಟು ಬರಕ್ಕೆ ನಂಗೇನು ತಲೆ ಕೆಟ್ಟಿದ್ಯಾ ಅಂತ ಬೈದು ಕಳಿಸಿದ್ರು. ಯಾಕೆ, ಏನಾಯ್ತು?"

ಹೇಳಿದೆ. ಕೋಳಿಯ ವಿಷಯ ಕೇಳಿದ್ದೇ ಅವನು, "ಅಯ್ಯೋ ಶಿವನೇ" ಎಂದ. ಅವನೂ ಆ ಕೋಳಿಗಳ ಪಕ್ಕದ ಮನೆಯವನೇ ಅಲ್ಲವೇ. ಆಮೇಲೆ, "ಮನೆ ಹೇಗಿದೆ ಅಂತ ಬಾಯಲ್ಲಿ ಹೇಳಿದ್ರೆ ಇವರಿಗೆ ತಲೆಗೆ ಹೋಗಲ್ಲ ಮಂಗಳಕ್ಕ. ಕಣ್ಣಲ್ಲಿ ನೋಡಬೇಕು. ಬೀದೀಲಿ ಅವರ ಮನೆ ಇದ್ಯಲ್ಲ, ಥೇಟು ಹಾಗೇ ಕಟ್ಟಿದಾರಲ್ಲ. ಜನಾನ ಅಲ್ಲಿಗೇ ಕರ್ಕೊಂಬರ್ತೀನಿ" ಎಂದ.

"ನನ್ನ ಡಬ್ಬ ತಡೆಯತ್ತೇನಯ್ಯ?"

"ತಡೆಯೋ ಹಾಗೆ ಬಿಡ್ತೀನಿ. ಬಸ್ಸಲ್ಲಿ ಇಷ್ಟು ವರ್ಷ ಮಾಡಿದ್ದೇನು ಮತ್ತೆ?"

ಆ ಕಂಪನಿ ಗೇಮಿನಲ್ಲಿ ತುಂಬ ಗೆದ್ದವರು ಇಡೀ ಊರಿಗೆ ಕೇಳುವ ಹಾಗೆ ಒಂದು ಸಲ ಡಂಗುರ ಹೊಡೆಸಬಹುದಂತೆ, ಅದಕ್ಕೆ ಕಿರೀಟ ಬಿಟ್ಟುಕೊಡಬೇಕಂತೆ. ಪಂಚಾಕ್ಷರಿ ಕಿರೀಟ ಬಿಚ್ಚಿಕೊಟ್ಟು ಡಂಗುರ ಹೊಡೆಸಿದ. ಒಬ್ಬರು ಮನೆಯಲ್ಲಿ ಒಂಟಿಯಾಗಿ ಬಿದ್ದಿದ್ದಾರೆ, ಅವರ ಮನೆ ಗುರುತು ನೋಡಿಕೊಂಡು ಹೋಗಿ, ಬರಬೇಕಾದ್ದು ಇಲ್ಲಿಗೆ, ಎಂದು ನನ್ನ ಡಬ್ಬದ ವಿಳಾಸ ಹೇಳಿದ.

ಅವತ್ತು ಖಾಯಂ ಬೀದಿ ಕಂಡ ಜನವನ್ನು ನಾನು ಮರೆಯುವುದಿಲ್ಲ. ಪಂಚಾಕ್ಷರಿ ಬೀದಿಯ ತಲೆಬಾಗಿಲಲ್ಲಿ ನಿಂತು ಮೈಕಿನಲ್ಲಿ ನಿಜವಾದ ಸೀಟಿಯನ್ನೇ ಊದಿದ. "ಒಂದು ಟ್ರಿಪ್ಪು ಇಷ್ಟೇ ಜನ! ಉಳಿದೋರು ಹೊರಗಿರಿ! ಮುಂದಕ್ಕೆ ಹೋಗಿ, ಮುಂದಕ್ಕೆ, ಮುಂದೆ ಖಾಲಿ ಇದೆ! ಹಸಿರು ಬಾಗಿಲು ನೋಡ್ಕೊಳ್ಳಿ, ಮೆಟ್ಟಿಲು ನೋಡ್ಕೊಳ್ಳಿ, ತಗಡು ನೋಡ್ಕೊಳ್ಳಿ. ನೋಡಿದೋರು ಇಳೀರಿ! ಯಾರ್ರೀ ಅದು ಕೋಳಿ ಹಿಡಿಯೋರು, ಬಿಡ್ರೀ! ರೈಟ್, ರೈಟ್!" ಒಂದು ಗುಂಪು ಹೊರಗೆ ಹೋಗುತ್ತಿದ್ದಂತೆ ಇನ್ನೊಂದು ಒಳಗೆ. ಅಷ್ಟಾದರೂ ನನ್ನ ಡಬ್ಬ ಏದುಸಿರು ಬಿಡತೊಡಗಿತು. ಮುಟ್ಟಿದರೆ ಕೈ ಚುರ್ರೆನ್ನುತ್ತಿತ್ತು. ನಾನು ಒದ್ದೆ ಟವೆಲನ್ನು ಹಿಂಡಿ ಹಿಂಡಿ ಅದರ ನೆತ್ತಿಗೆ ಹಾಕಿದೆ. ಯಾವತ್ತೂ ಅದರ ಮುಖ ನೋಡದ ನಮ್ಮನೆಯವರು ಅಡುಗೆಮನೆಯಿಂದ ಮೊರ ತಂದು ಗಾಳಿ ಹಾಕಲು ಕೂತರು. "ಈಗ ಸತ್ತರೆ ನೋಡು ನಿನಗೆ" ಎಂದು ಅದನ್ನು ಗದರಿಸುತ್ತಾ, ಅದಕ್ಕೆ ಕೈಮುಗಿಯುತ್ತಾ ನಾನು ಪರದೆ ನೋಡುತ್ತಿದ್ದೆ. ಕಂಪನಿಯ ಜನ ಜುಬೇದಾಳ ಮೆಟ್ಟಿಲ ಮುಂದೆ ನಿಂತು ಒಡೆದ ಮೂಲೆಯನ್ನು ಬಗ್ಗಿ ನೋಡುತ್ತಿದ್ದರು. ಏನು ಗೆಲ್ಲಬಹುದು ಎಂದು ಯಾರೂ ಕೇಳಲಿಲ್ಲ. ಒಬ್ಬಳು ಕೋಳಿಗೆ ಕಾಳು ಹಾಕಿದಳು.

ಊಟದ ಹೊತ್ತಾಯಿತು. ಕಣ್ಣು ಎಳೆಯುವ ಹೊತ್ತು ಹತ್ತಿರವಾಗುತ್ತಿತ್ತು. ನಾನು ಗೋಡೌನಿನಿಂದ ಗಂಟೆ ತಂದು ಕಟ್ಟೆಯ ಮೇಲೆ ಕಟ್ಟಿ ಬಾರಿಸಿದೆ. ಇದ್ದವರೆಲ್ಲ ತಿರುಗಿ ನೋಡಿದರು.

"ಕೇಳಿ ಇಲ್ಲಿ. ಈ ಬೀದಿ ಈಗ ಮುಚ್ಚತ್ತೆ. ಈಗ ಪಕ್ಕದಲ್ಲಿ ಸಿಗದಿದ್ರೂ ಎಲ್ಲರೂ ಮಲಗಿ ಎದ್ದ ತಕ್ಷಣ ಮತ್ತೆ ಬಾಗಿಲು ತೆಗೆದು ಅಕ್ಕಪಕ್ಕ ನೋಡಿ. ಹಸಿರು ಬಾಗಿಲಿದ್ರೆ ತಟ್ಟಿ, ತೆಗೀದಿದ್ರೆ ಒಡೀರಿ. ಇನ್ನೊಂದು, ಇಲ್ಲಿಂದ ಸುಮ್ನೆ ಎದ್ದು ಹೋಗೋ ಹಾಗಿಲ್ಲ. ಹೋಗಿ ಬರ್ತೀನಿ ಅನ್ನಬೇಕು. ಅಂದೋರು ಬರಬೇಕು."

ಅವರಲ್ಲಿ ಎಷ್ಟೋ ಜನರಿಗೆ ಆ ಮಾತು ಬಾಯಿಗೆ ಬರುವಂಥದ್ದಲ್ಲ. ಆಮೇಲೆ ಪಂಚಾಕ್ಷರಿ ಸೀಟಿ ಕೆಳಗಿಟ್ಟು, ತನ್ನ ಹಳೇ ಮನೆಯ ಮುಂದೆ ಹೋಗಿ ನಿಂತು ದೀಪ ಹಚ್ಚಿದ. "ಹೋಗಿ ಬರ್ತೀನಿ ಮಂಗಳಕ್ಕ" ಎಂದು ಆರಿಸಿದ. ಅವನ ಹಿಂದೆ ಒಬ್ಬ, ಅವನ ಹಿಂದೆ ಇನ್ನೊಬ್ಬಳು. ಹೆಸರು ಗೊತ್ತಿಲ್ಲದ ಜನ ಒಬ್ಬೊಬ್ಬರಾಗಿ ಹೇಳಿ ಹೋದರು. ಕೆಲವರಿಗೆ ನಾಚಿಕೆ, ಗಂಟಲಲ್ಲೇ ಅಂದರು. ಕೊನೆಯವರು ಹೋದಮೇಲೆ ಡಬ್ಬ ಆರಿಸಿದೆ. ಊಟ ಮಾಡಲಿಲ್ಲ. ಮೊರ ಹಿಡಿದುಕೊಂಡೇ ನಮ್ಮನೆಯವರು ಗೋಡೆಗೆ ಒರಗಿ ನಿದ್ದೆಹೋಗಿದ್ದರು, ನಾನೂ ಅಲ್ಲೇ ನೆಲಕ್ಕೆ ತಲೆ ಕೊಟ್ಟೆ.

ಎದ್ದವಳೇ ಬಾಗಿಲಿಗೆ ಓಡಿದೆ. ನಮ್ಮ ಎಡಕ್ಕೆ ನೀಲಿ ಬಾಗಿಲು, ಬಲಕ್ಕೆ ಬಣ್ಣವೇ ಇಲ್ಲದ್ದು. ಆದರೆ ಅವತ್ತು ಹೊರಗಿನ ನಿಜವಾದ ಬೀದಿಯಲ್ಲಿ ನಡೆದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಎಲ್ಲ ಮನೆಗಳ ಜನ ಹೊರಗೆ ಬಂದು ಒಬ್ಬರು ಇನ್ನೊಬ್ಬರ ಬಾಗಿಲು ನೋಡುತ್ತಿದ್ದರು. ನೀಲಿ ಬಾಗಿಲಿನಿಂದ ಒಬ್ಬ ಮುದುಕ ಇಣುಕಿ, "ನಿಮ್ಮದು ಹಸಿರು ಅಲ್ಲ ಅಲ್ವಾ ತಾಯಿ?" ಎಂದು ಕೇಳಿದ. ನಾನು ಒಳಗೋಡಿ ಡಬ್ಬ ಹಚ್ಚಿದೆ. ಅದು ಗೊಣಗಿಕೊಂಡು ಎದ್ದು ಬೀದಿ ಕಾಣಿಸುವಷ್ಟರಲ್ಲಿ ಯಾರೋ ಅಪರಿಚಿತ ಹುಡುಗಿ ಕಟ್ಟೆಯ ಸುತ್ತ ಓಡುತ್ತಾ ಕೂಗುತ್ತಿದ್ದಳು. "ಸಿಕ್ಕಿದ್ರು! ನಮ್ಮ ಪಕ್ಕದಲ್ಲೇ ಇದ್ರು! ಉಸಿರಿದೆ, ಅಪ್ಪ ಆಟೋದಲ್ಲಿ ಹಾಕ್ಕೊಂಡು ಹೋದ್ರು!"

ದೊಡ್ಡಾಸ್ಪತ್ರೆಯಲ್ಲಿ ನ್ಯುಮೋನಿಯಾ ಎಂದರು. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು. ಒಳಗೆ ಬಿಟ್ಟ ದಿನ ಹೋಗಿ ನೋಡಿದೆ. ಧ್ವನಿಯಿಂದ ನಾನು ದಪ್ಪಗಿನ ಹೆಂಗಸು ಎಂದುಕೊಂಡಿದ್ದೆ. ಮಂಚದ ಮೇಲೆ ಇದ್ದದ್ದು ಒಂದು ಹಿಡಿ ಜೀವ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಮಂಗಳಕ್ಕ, ನೀವು ಇಷ್ಟು ಕುಳ್ಳಾ?"

"ಸಾಯೋ ಹಾಗಿದ್ರೂ ಬಾಯಿಗೇನೂ ಕ್ಷಯ ಇಲ್ಲ ನೋಡು."

"ಕೋಳಿ?"

"ಎರಡು ಹೋದವು ಕಣೇ. ಕರಿಯದು, ಕೆಂಪಿ." ಅವಳು ಮುಖ ಆ ಕಡೆ ಮಾಡಿಕೊಂಡಳು. ಗೇಮಿನ ಕೋಳಿಗೆ ಅಳುವುದನ್ನು ನೋಡಿ ನರ್ಸಮ್ಮ ನಕ್ಕರು, ನನಗೆ ನಗು ಬರಲಿಲ್ಲ. ಸುಮಾರು ಹೊತ್ತಿನ ಮೇಲೆ ಜುಬೇದಾ ತಾನಾಗಿ ಹೇಳಿದಳು.

"ಜ್ವರದಲ್ಲಿ ಎದ್ದೇಳಕ್ಕಾಗ್ಲಿಲ್ಲ, ಕೂಗಿದ್ರೆ ಗಂಟಲು ಬರ್ಲಿಲ್ಲ. ಗೋಡೆ ಆಚೆ ಜನ ಮಾತಾಡೋದು ಕೇಳ್ತಿತ್ತು, ದಿನಾ ಬೇರೆ ಬೇರೆ ಜನ. ನಂಗೆ ಹೆದರಿಕೆ ಏನೂ ಇರ್ಲಿಲ್ಲ ಅಕ್ಕ. ಮಂಗಳಕ್ಕ ಇವತ್ತು ಎಣಿಸ್ತಾರೆ, ಎಣಿಸಿದಾಗ ಗೊತ್ತಾಗತ್ತೆ ಅಂತ ಕಾಯ್ತಿದ್ದೆ. ಗಂಟೆ ಬಿಚ್ಚಿದ್ದು ನಂಗೆ ಮರ್ತೇ ಹೋಗಿತ್ತು."

ನಾನು ಅವಳ ಕಾಲಿನ ಹೊದಿಕೆ ಸರಿಮಾಡಿದೆ. ಸರಿಯಾಗಿದ್ದದ್ದನ್ನೇ ಮತ್ತೆ ಸರಿಮಾಡಿದೆ.

ಈಗ ಬೀದಿ ಮೊದಲಿನ ಹಾಗೆ ಮಧ್ಯಾಹ್ನ ಮುಚ್ಚುತ್ತದೆ. ಕಂಪನಿಯೇನೂ ಮುಳುಗಲಿಲ್ಲ, ಅಲ್ಲಿ ಇನ್ನೂ ಜನವೋ ಜನ. ಪಂಚಾಕ್ಷರಿ ಬೆಳಿಗ್ಗೆ ಅಲ್ಲಿ ಕುದುರೆ ಓಡಿಸಿ, ಗಂಟೆಯ ಹೊತ್ತಿಗೆ ಇಲ್ಲಿಗೆ ಬಂದು ನನ್ನ ಡಬ್ಬ ಕೆಮ್ಮುತ್ತದೆ ಎನ್ನುತ್ತಾನೆ. ಕಿರೀಟ ಮಾತ್ರ ಮತ್ತೆ ಸಿಕ್ಕಿಲ್ಲ. ಊರಿನಲ್ಲಿ ಕೆಲವರು ನಿದ್ದೆಯಿಂದ ಎದ್ದ ಮೇಲೆ ಅಕ್ಕಪಕ್ಕ ಇಣುಕುವುದನ್ನು ಹಾಗೇ ಉಳಿಸಿಕೊಂಡಿದ್ದಾರೆ, ಕೆಲವರು ಬಿಟ್ಟಿದ್ದಾರೆ.

ಜುಬೇದಾಳನ್ನು ಆಸ್ಪತ್ರೆಯಿಂದ ಬಿಟ್ಟ ದಿನ ನಾನೇ ಆಟೋದಲ್ಲಿ ಜೊತೆಗೆ ಹೋದೆ. ಅವಳು ಎಡಕ್ಕೆ, ಬಲಕ್ಕೆ ಎಂದು ಹೇಳುತ್ತಾ ಹೋದಳು, ಹಸಿರು ಬಾಗಿಲು ಬಂತು. ಒಡೆದ ಮೆಟ್ಟಿಲು ನನ್ನ ಕಾಲಿಗೆ ಗುರುತಿತ್ತು, ಎಡವಲಿಲ್ಲ. ಕಸ ಗುಡಿಸಿದೆ, ಗಂಜಿ ಮಾಡಿಟ್ಟೆ, ಮಾತ್ರೆ ಕೈಗೆ ಸಿಗುವ ಹಾಗಿಟ್ಟೆ. ಇನ್ನೂ ಏನಾದರೂ ಕೆಲಸ ಇದೆಯೇ ಎಂದು ಹುಡುಕಿದೆ. ಹೊತ್ತಾಗುತ್ತಿತ್ತು, ಕಣ್ಣು ಎಳೆಯುವ ಮೊದಲು ನಾನು ನಮ್ಮನೆ ಸೇರಬೇಕಿತ್ತು. ಈ ಹೊಸಿಲು ದಾಟಿದರೆ ಮತ್ತೆ ಈ ಬಾಗಿಲು ನನಗೆ ಸಿಗುವುದಿಲ್ಲ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಚಪ್ಪಲಿ ಮೆಟ್ಟಿಕೊಂಡೆ. ಸುಮ್ಮನೆ ಹೊರಟುಬಿಡಬೇಕು, ನಮ್ಮೂರಿನ ಪದ್ಧತಿ ಅದು. ಹೊಸಿಲಲ್ಲಿ ತಿರುಗಿ ನಿಂತೆ.

"ಜುಬೇದಾ, ಹೋಗಿ ಬರ್ತೀನಿ ಕಣೇ" ಎಂದೆ.

ಅವಳು ಮಂಚದ ಮೇಲಿಂದ ನನ್ನನ್ನೇ ನೋಡುತ್ತಾ, "ಹೂಂ ಅಕ್ಕ, ಹೋಗ್ಬಿಟ್ಟು ಬನ್ನಿ" ಎಂದಳು.

ಬಿಸಿಲಲ್ಲಿ ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡು ಬಂದೆ. ಇಷ್ಟು ವಯಸ್ಸಾಗಿ ಒಂದು ರೋಗಿಷ್ಠ ಜೀವಕ್ಕೆ ಎದುರಿಗೆ ನಿಂತು ಸುಳ್ಳು ಹೇಳಿ ಬಂದೆನಲ್ಲ. ಊಟ ರುಚಿಸಲಿಲ್ಲ. ಮಲಗಿ ಎದ್ದು ಬಾಗಿಲು ತೆಗೆದು ನೋಡಿದೆ. ಎಡಕ್ಕೆ ಹಳದಿ ಬಾಗಿಲು, ಬಲಕ್ಕೆ ಕೆಂಪು. ಇರಲಿ ಎಂದು ಒಳಗೆ ಬಂದು, ಕಾಫಿಯನ್ನೂ ಮಾಡಿಕೊಳ್ಳದೆ ಡಬ್ಬ ಹಚ್ಚಿದೆ. ಅದು ಕೆಮ್ಮಿತು, ಗೊಣಗಿತು, ನಿಧಾನಕ್ಕೆ ಬೀದಿ ತೆರೆದುಕೊಂಡಿತು. ಬಲಗಡೆ ಹಸಿರು ಬಾಗಿಲಿನ ಮುಂದೆ ದೀಪ ಉರಿಯುತ್ತಿತ್ತು. ಜುಬೇದಾ ಮೆಟ್ಟಿಲ ಮೇಲೆ ಕೂತು ಕೋಳಿಗೆ ಕಾಳು ಹಾಕುತ್ತಿದ್ದಳು. ನನ್ನ ಹೆಜ್ಜೆ ಕೇಳಿ ತಲೆಯೆತ್ತಿದಳು.

"ಬಂದ್ರಾ ಅಕ್ಕ?" ಎಂದಳು.

"ಬಂದೆ ಕಣೇ" ಎಂದೆ.